ಮನವಿ ಪತ್ರದ ನಾಲ್ಕನೇ ಬೇಡಿಕೆ

ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಅನ್ನೋ ಸುದ್ದಿ ಎಲ್ಲಾದರೂ ಒಂದು ಮೂಲೆಯಲ್ಲಿ ಬರಲಿ. ಮುಂದಿನ ಹದಿನೈದು ದಿನ ಮಲೆನಾಡಿನಲ್ಲಿ ಏನೇನು ನಡೆಯುತ್ತದೆ ಅಂತ ಕೂತಲ್ಲೇ ಹೇಳಬಹುದು. ಮರುದಿನ ಎಲ್ಲ ಪಕ್ಷದವರ ಹೇಳಿಕೆ. ಅದಾದ ಮೇಲೆ ಸಹಕಾರ ಸಂಘಗಳ ತುರ್ತು ಸಭೆ. ಆಮೇಲೆ ದೆಹಲಿಗೆ ನಿಯೋಗ. ಕೇಂದ್ರ ಸಚಿವರಿಗೆ ಅಡಿಕೆ ಹಾರ ಹಾಕಿ, ಶಾಲು ಹೊದಿಸಿ, ಮನವಿ ಕೊಡುವ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. 'ಬೆಳೆಗಾರರು ಆತಂಕ ಪಡಬೇಕಾಗಿಲ್ಲ' ಅಂತ ಸಚಿವರು ಹೇಳುತ್ತಾರೆ. ಅಲ್ಲಿಗೆ ಒಂದು ಸುತ್ತು ಮುಗಿಯಿತು. ವಿಧಾನಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಕೂಡ ಈ ಒಂದು ವಿಷಯದಲ್ಲಿ ಒಂದೇ ವೇದಿಕೆಯಲ್ಲಿ ಪಕ್ಕಪಕ್ಕ ಕೂರುತ್ತಾರೆ. ಬೇರೆ ಯಾವ ವಿಷಯಕ್ಕೂ ಇಷ್ಟು ಒಗ್ಗಟ್ಟು ನಾನು ಕಂಡಿಲ್ಲ.

ಗಣಿಯವರು ಮಾಡಿದರೆ ಲಾಬಿ. ಖಾಸಗಿ ಕಾಲೇಜಿನವರು ಮಾಡಿದರೆ ಲಾಬಿ. ಬೆಂಗಳೂರಿನ ಬಿಲ್ಡರ್‌ಗಳದ್ದಂತೂ ಕೇಳುವುದೇ ಬೇಡ. ನಮ್ಮದು ಮಾತ್ರ ಹೋರಾಟ! ನಾನು ಅಡಿಕೆ ದುಡ್ಡಿನಲ್ಲೇ ಓದಿದವನು. ಹಾಸ್ಟೆಲ್ ಫೀಸು, ಅಕ್ಕನ ಮದುವೆ, ಮನೆಗೆ ಹಂಚಿನ ಬದಲು ಬಂದ ತಾರಸಿ, ಎಲ್ಲವೂ ಆ ಮರಗಳಿಂದಲೇ ಇಳಿದದ್ದು. ಹಾಗಾಗಿ ದೂರ ನಿಂತು ಬೆರಳು ತೋರಿಸುವ ಜಾಗದಲ್ಲಿ ನಾನಿಲ್ಲ. ಒಂದು ಗುಂಪು ಸರ್ಕಾರದ ಕೈ ಹಿಡಿದು ಬರೆಸುವುದು ಹೇಗೆ ಅನ್ನೋದನ್ನ ಒಳಗಿನಿಂದಲೇ ನೋಡಿದ್ದೇನೆ. ಅದರ ಬಗ್ಗೆ ಕೆಲವು ದಿನಗಳಿಂದ ತಲೆಯಲ್ಲಿ ಕೊರೆಯುತ್ತಿರುವುದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಬೆಳೆಗಾರ ಸುಮ್ಮನೆ ಕೂತರೆ ಬದುಕುವುದು ಕಷ್ಟ. ಬೆಲೆ ಕುಸಿದು ಕಂಗಾಲಾಗಿದ್ದ ಕಾಲದಲ್ಲೇ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕಟ್ಟಿದ್ದು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಇನ್ನೂ ಹಳೆಯದು, 1923ರದ್ದು. ಮಂಡಿಯಲ್ಲಿ ದಲಾಲಿಗಳು ಹೇಳಿದ್ದೇ ರೇಟು ಅನ್ನುವ ಕಾಲದಲ್ಲಿ ಈ ಸಂಘಗಳು ನಾಲ್ಕು ಎಕರೆಯವನಿಗೂ ಬೆನ್ನು ಕೊಟ್ಟವು. ಒಗ್ಗಟ್ಟು ಬಂದ ಮೇಲೆ ಸರ್ಕಾರದ ಬಾಗಿಲು ತಟ್ಟುವುದು ಸಹಜ, ಅಲ್ವಾ? ತಟ್ಟಿದ್ದಕ್ಕೆ ಫಲವೂ ಸಿಕ್ಕಿದೆ. ಹೊರದೇಶದ ಅಡಿಕೆಯನ್ನು ಇಂತಿಷ್ಟು ಬೆಲೆಗಿಂತ ಕಡಿಮೆಗೆ ತರುವ ಹಾಗಿಲ್ಲ ಅನ್ನೋ ನಿಯಮ ಇದೆ. ಆ ಕನಿಷ್ಠ ಆಮದು ಬೆಲೆ 2017ರಲ್ಲಿ ಕಿಲೋಗೆ 251 ರೂಪಾಯಿ ಆಯಿತು. 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿತು. ಆ ವರ್ಷ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಇತ್ತು ಅನ್ನೋದನ್ನು ನಾನು ನೆನಪಿಸಬೇಕಾಗಿಲ್ಲ.

ಹಾಗಂತ ನಾವು ಹೇಳಿದ್ದೆಲ್ಲ ನಡೆಯುತ್ತದೆ ಅಂತಲೂ ಅಲ್ಲ. ಆ ಏರಿಕೆಗೆ ಕೆಲವೇ ತಿಂಗಳ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ಭೂತಾನದಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಈ ಬೆಲೆಯ ಷರತ್ತೇ ಇಲ್ಲದೆ ತರಲು ಕೇಂದ್ರ ಒಪ್ಪಿಕೊಂಡಿತು. ನಮ್ಮ ಕಡೆ ದೊಡ್ಡ ಗಲಾಟೆ ಆಯಿತು. ಆದೇಶ ಅಲ್ಲಾಡಲಿಲ್ಲ. ಪಕ್ಕದ ದೇಶದ ಜೊತೆಗಿನ ಸಂಬಂಧದ ಲೆಕ್ಕ ಬಂದಾಗ ತೀರ್ಥಹಳ್ಳಿ, ಸಾಗರದ ಲೆಕ್ಕ ಹಿಂದಕ್ಕೆ ಹೋಗುತ್ತದೆ. ಅಡಿಕೆ ಲಾಬಿ ಸರ್ಕಾರವನ್ನೇ ಕುಣಿಸುತ್ತದೆ ಅಂತ ಹೊರಗಿನವರು ಹೇಳಿದಾಗ ನನಗೆ ಈ 17 ಸಾವಿರ ಟನ್ ನೆನಪಾಗುತ್ತದೆ. ನಮ್ಮನ್ನು ಎದುರಿಸಿ ನಿಲ್ಲುವವರು ಆ ಕಡೆ ಯಾರೂ ಇಲ್ಲದಿದ್ದಾಗ ಮಾತ್ರ ನಮ್ಮ ಕೈ ಮೇಲಾಗುತ್ತದೆ.

ಗೋದಾಮಿನ ಮಹಡಿಯಲ್ಲಿ

ಕೆಲವು ವರ್ಷಗಳ ಹಿಂದೆ ಊರಿಗೆ ಹೋಗಿದ್ದಾಗ ದೊಡ್ಡಪ್ಪ ನನ್ನನ್ನು ಸಭೆಯೊಂದಕ್ಕೆ ಎಳೆದುಕೊಂಡು ಹೋದರು. 'ನಿಂಗೆ ಕಂಪ್ಯೂಟರ್‌ನಲ್ಲಿ ಕನ್ನಡ ಬರೀಲಿಕ್ಕೆ ಬರ್ತದಲ ಮಾರಾಯ, ಬಾ' ಅಂತ. ಬೆಳೆಗಾರರ ಸಂಘದ ಸಭೆ. ಕೆಳಗೆ ಗೋದಾಮು, ಮೇಲೆ ಸಭಾಂಗಣ. ಚೀಲದಲ್ಲಿ ತುಂಬಿಟ್ಟ ಅಡಿಕೆಯ ಒಗರು ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಇಪ್ಪತ್ತು ಮೂವತ್ತು ಜನ. ಹೆಚ್ಚಿನವರು ಬಿಳಿ ಪಂಚೆ, ಕಿಸೆಯಲ್ಲಿ ಪೆನ್ನು. ಅವಲಕ್ಕಿ, ಕಾಫಿ. ಮೇಜಿನ ನಡುವೆ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ. ಬರಲಿರುವ ಸಚಿವರಿಗೆ ಕೊಡುವ ಮನವಿ ಅಂದು ತಯಾರಾಗಬೇಕಿತ್ತು.

ಒಂದನೇ ಬೇಡಿಕೆ ಆಮದು ಬೆಲೆ. ಎರಡನೇದು ಗಡಿ ದಾಟಿ ಬರುವ ಕಳ್ಳ ಮಾಲು. ಮೂರನೇದು ರೋಗಕ್ಕೆ ಪರಿಹಾರ. ಈ ಮೂರೂ ಹತ್ತು ನಿಮಿಷದಲ್ಲಿ ಆಯಿತು. ಹಳೆಯ ಮನವಿಯ ಸಾಲುಗಳೇ ಸಾಕಾಗಿದ್ದವು. ನಾಲ್ಕನೇದಕ್ಕೆ ಬಂದಾಗ ಎಲ್ಲರೂ ಮುಂದಕ್ಕೆ ಬಾಗಿದರು. 'ಅಡಿಕೆ ಆರೋಗ್ಯಕ್ಕೆ ಹಾನಿಕಾರಕವಲ್ಲ ಎಂಬುದನ್ನು ಸಾಬೀತುಪಡಿಸಲು ಸರ್ಕಾರ ಸಂಶೋಧನೆ ನಡೆಸಬೇಕು.' ನಾನು ಟೈಪ್ ಮಾಡಿ ಓದಿದೆ. ಹಿಂದಿನ ಸಾಲಿನಿಂದ ನಿವೃತ್ತ ಮೇಷ್ಟ್ರೊಬ್ಬರು ಕೈ ಎತ್ತಿದರು. 'ಸಂಶೋಧನೆ ಮಾಡಿ ಅಂತ ಬರೀರಿ. ಉತ್ತರ ನಾವೇ ಹೇಳಿಕೊಟ್ರೆ ಅದೆಂತ ಸಂಶೋಧನೆ?' ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಅಧ್ಯಕ್ಷರು, 'ಮೇಷ್ಟ್ರೇ, ಉತ್ತರ ಉಲ್ಟಾ ಬಂದ್ರೆ ನಿಮ್ಮ ತೋಟಾನೂ ಹೋಗ್ತದೆ' ಅಂದರು. ಮತ್ತೊಂದು ಸುತ್ತು ನಗು. ಸಾಲು ಹಾಗೇ ಉಳಿಯಿತು.

ಆ ಮೇಲೆ ನಡೆದದ್ದೇ ನನಗೆ ಮುಖ್ಯ ಅನ್ನಿಸುವುದು. ಒಂದೆರಡು ವಾರ ಬಿಟ್ಟು ಜನಪ್ರತಿನಿಧಿಯೊಬ್ಬರ ಹೇಳಿಕೆ ಪತ್ರಿಕೆಯಲ್ಲಿ ಬಂತು. ನೋಡಿದರೆ ನಾನು ಟೈಪ್ ಮಾಡಿದ ವಾಕ್ಯವೇ ಅದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದಕ್ಕಾಗಿ ಯಾರೂ ಯಾರಿಗೂ ಲಕೋಟೆ ಕೊಟ್ಟಿರಲಿಲ್ಲ. ಖರ್ಚಾದದ್ದು ಒಂದಿಷ್ಟು ಅವಲಕ್ಕಿ, ಶಾಲು, ಹಾರ. ಸರ್ಕಾರದ ಮೇಲೆ ಪ್ರಭಾವ ಅಂದ ತಕ್ಷಣ ನಾವು ಸೂಟ್‌ಕೇಸು ಹುಡುಕುತ್ತೇವೆ. ಸೂಟ್‌ಕೇಸು ಇಲ್ಲ ಅಂತಲ್ಲ. ಚುನಾವಣಾ ಬಾಂಡ್ ಪಟ್ಟಿ ಹೊರಗೆ ಬಂದಾಗ ಎಲ್ಲರೂ ನೋಡಿದ್ದೇವೆ. ಆದರೆ ಬಹಳಷ್ಟು ಕೆಲಸ ಇನ್ನೂ ಸುಲಭವಾಗಿ ಆಗುತ್ತದೆ. ಶಾಸಕರಿಗೆ ನೂರು ವಿಷಯ. ಅಧಿಕಾರಿಯ ಮೇಜಿನ ಮೇಲೆ ಇನ್ನೂರು ಫೈಲು. ಯಾರು ಸಿದ್ಧ ವಾಕ್ಯ ಬರೆದು ಕೈಗೆ ಕೊಡುತ್ತಾರೋ ಅವರ ವಾಕ್ಯವೇ ಟಿಪ್ಪಣಿಗೆ ಹೋಗುತ್ತದೆ. ಅಲ್ಲಿಂದ ಭಾಷಣಕ್ಕೆ. ಕೆಲವೊಮ್ಮೆ ಆದೇಶಕ್ಕೂ.

ಉತ್ತರ ಮೊದಲು, ಪ್ರಶ್ನೆ ಆಮೇಲೆ

ವಿಜ್ಞಾನ ಏನು ಹೇಳುತ್ತದೆ ಅನ್ನೋದು ಗುಟ್ಟೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲೇ ತಂಬಾಕು ಸೇರಿಸಿದ ಕವಳ ಕ್ಯಾನ್ಸರ್‌ಕಾರಕ ಅಂತ ಹೇಳಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿ ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಮೊದಲನೇ ಗುಂಪಿಗೆ ಸೇರಿಸಿತು. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇರುವ ಗುಂಪು. 2024ರಲ್ಲಿ ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ ಬಂತು. 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು 1 ಲಕ್ಷ 20 ಸಾವಿರಕ್ಕೆ ಜಗಿಯುವ ತಂಬಾಕು ಇಲ್ಲವೇ ಅಡಿಕೆ ಕಾರಣ, ಅದರಲ್ಲಿ ಭಾರತದ ಪಾಲೇ 83 ಸಾವಿರದಷ್ಟು ಅಂತ ಅದು ಲೆಕ್ಕ ಹಾಕಿತು. ಮಲೆನಾಡಿನಲ್ಲಿ ಮತ್ತೆ ಸುತ್ತು ಶುರುವಾಯಿತು.

ಬೆಳೆಗಾರರ ವಾದದಲ್ಲಿ ಹುರುಳೇ ಇಲ್ಲ ಅನ್ನುವುದು ತಪ್ಪು. ಆ ಅಂಕಿಯಲ್ಲಿ ತಂಬಾಕು, ಅಡಿಕೆ ಎರಡೂ ಸೇರಿವೆ. ಊಟ ಆದ ಮೇಲೆ ಒಂದು ಕವಳ ಹಾಕುವ ಅಜ್ಜನನ್ನೂ, ದಿನಕ್ಕೆ ಇಪ್ಪತ್ತು ಪೊಟ್ಟಣ ಹರಿಯುವ ಲಾರಿ ಡ್ರೈವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಾ ಅಂತ ಕೇಳುವ ಹಕ್ಕು ನಮಗಿದೆ. ಆದರೆ ನಾವು ಕೇಳುವುದು ಅದನ್ನಲ್ಲ. ರಾಜ್ಯ ಸರ್ಕಾರ ಅಡಿಕೆ ಕಾರ್ಯಪಡೆ ಮಾಡಿತು, ತೀರ್ಥಹಳ್ಳಿ ಶಾಸಕ ಆರಗ ಜ್ಞಾನೇಂದ್ರ ಅದರ ಅಧ್ಯಕ್ಷರಾಗಿದ್ದರು. ಆಗಲೂ, ಈಗಲೂ, ಸಂಶೋಧನೆ ಅನ್ನೋ ಮಾತು ಬಂದಾಗಲೆಲ್ಲ ವೇದಿಕೆಯ ಮೇಲಿನ ಧಾಟಿ ಒಂದೇ: ಕಳಂಕ ತೊಳೆಯಬೇಕು. ಮಣ್ಣು ಪರೀಕ್ಷೆಗೆ ಕೊಡುವಾಗ ಈ ಫಲಿತಾಂಶವೇ ಬರಬೇಕು ಅಂತ ನಾವು ಹೇಳುತ್ತೇವಾ?

ಇನ್ನೊಂದು ವಿಷಯ ವೇದಿಕೆಯ ಮೇಲೆ ಯಾರೂ ಜೋರಾಗಿ ಹೇಳುವುದಿಲ್ಲ. ನಾವು ಬೇಯಿಸಿ ಒಣಗಿಸುವ ರಾಶಿ ಇಡಿ ಅನ್ನೋ ಕೆಂಪಡಿಕೆಯ ದೊಡ್ಡ ಪಾಲು ಹೋಗುವುದು ಅಜ್ಜನ ಕವಳದ ತಟ್ಟೆಗಲ್ಲ, ಉತ್ತರದ ಪಾನ್ ಮಸಾಲ, ಗುಟ್ಕಾ ಕಾರ್ಖಾನೆಗಳಿಗೆ. ಅವರ ದುಡ್ಡೇ ನಮ್ಮ ರೇಟು. ಆದರೆ ಸಮಾವೇಶದ ಬ್ಯಾನರಿನಲ್ಲಿ ಅವರ ಫೋಟೊ ಇರುವುದಿಲ್ಲ. ಅಲ್ಲಿರುವುದು ಹಸಿರು ಶಾಲು ಹೊದ್ದ ನಾವು. ಕರ್ನಾಟಕದಲ್ಲಿ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧವಾದಾಗ ಬೀದಿಗಿಳಿದದ್ದೂ ನಾವೇ. ತೋಟವೆಲ್ಲ ಕಡಿದು ಹಾಕಬೇಕಾಗುತ್ತದೆ ಅಂತ ಅತ್ತಿದ್ದೂ ನಾವೇ. ಕಾರ್ಖಾನೆಯವರು ಸದ್ದಿಲ್ಲದೆ ಪಾನ್ ಮಸಾಲದ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು ಮಾಡಿ ಎರಡನ್ನೂ ಒಂದೇ ಅಂಗಡಿಯಲ್ಲಿ ತೂಗುಹಾಕಿದರು. ತಿನ್ನುವವನು ಎರಡನ್ನೂ ಹರಿದು ಅಂಗೈಯಲ್ಲಿ ಕಲಸಿ ಬಾಯಿಗೆ ಹಾಕಿಕೊಂಡ. 2014ರಲ್ಲಿ ಅಡಿಕೆ ರೇಟು ಆಕಾಶಕ್ಕೇರಿತು. ಆ ವರ್ಷ ನಮ್ಮೂರಿನಲ್ಲಿ ಹೊಸ ಕಾರು ಬಂದಷ್ಟು ಅದಕ್ಕೆ ಮುಂಚೆ ಬಂದಿರಲಿಲ್ಲ. ನಿಷೇಧದ ಬಗ್ಗೆ ಅತ್ತವರಲ್ಲಿ ಯಾರೂ ಆಮೇಲೆ ಆ ಮಾತು ಎತ್ತಲಿಲ್ಲ.

ಸಿಗರೇಟು ಪ್ಯಾಕಿನ ಶೇ 85

ಇದು ಅಡಿಕೆಯ ಕತೆ ಮಾತ್ರ ಅಲ್ಲ. ಸಿಗರೇಟು, ಬೀಡಿ ಕಟ್ಟುಗಳ ಮೇಲಿನ ಎಚ್ಚರಿಕೆ ಚಿತ್ರ ನೆನಪಿಸಿಕೊಳ್ಳಿ. ಪೊಟ್ಟಣದ ಎರಡೂ ಬದಿಯಲ್ಲಿ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆ ಇರಬೇಕು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2014ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. 2015ರ ಏಪ್ರಿಲ್ 1ಕ್ಕೆ ಜಾರಿ ಆಗಬೇಕಿತ್ತು. ಅಷ್ಟರಲ್ಲಿ, ಸರ್ಕಾರ ಮಾಡುವ ನಿಯಮಗಳನ್ನು ಪರಿಶೀಲಿಸುವ ಲೋಕಸಭೆಯ ಅಧೀನ ಶಾಸನ ಸಮಿತಿ ಅಡ್ಡ ಬಂತು. ತಂಬಾಕಿನಿಂದ ಕ್ಯಾನ್ಸರ್ ಅನ್ನೋದಕ್ಕೆ ನಮ್ಮ ದೇಶದ ಅಧ್ಯಯನ ಎಲ್ಲಿದೆ, ಇರುವುದೆಲ್ಲ ವಿದೇಶದ್ದು ಅಂದರು ಸಮಿತಿಯ ಅಧ್ಯಕ್ಷ ದಿಲೀಪ್ ಗಾಂಧಿ. ಸಮಿತಿಯಲ್ಲಿ ಅಲಹಾಬಾದಿನ ಸಂಸದ ಶ್ಯಾಮಾ ಚರಣ್ ಗುಪ್ತಾ ಕೂಡ ಇದ್ದರು. ಅವರದ್ದೇ ಬೀಡಿ ವ್ಯಾಪಾರ! ಒಂದೇ ಸಮ ಬೀಡಿ ಸೇದಿಯೂ ಏನೂ ಆಗದವರನ್ನು ಬೇಕಾದಷ್ಟು ಜನ ತೋರಿಸುತ್ತೇನೆ ಅಂತ ಅವರು ಪತ್ರಕರ್ತರ ಮುಂದೆಯೇ ಹೇಳಿದರು.

ಅದನ್ನು ಓದಿ ನಕ್ಕವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬರು. 'ಬೀಡಿ ಮಾರುವವನನ್ನೇ ಕೂರಿಸಿ ಬೀಡಿ ಬಗ್ಗೆ ಕೇಳಿದ್ರೆ ಇನ್ನೆಂತ ಹೇಳ್ತಾನೆ' ಅಂದರು. ಆದರೆ ಅದೇ ದೊಡ್ಡಪ್ಪ ಸಭೆಯಲ್ಲಿ ಎದ್ದು ನಿಂತು, 'ನಮ್ಮಪ್ಪ ತೊಂಬತ್ತು ವರ್ಷ ಕವಳ ಹಾಕಿದ್ರು, ಒಂದು ಹಲ್ಲೂ ಅಲ್ಲಾಡ್ಲಿಲ್ಲ' ಅಂದಾಗ ಚಪ್ಪಾಳೆ ಬಿದ್ದಿತ್ತು. ಎರಡೂ ಒಂದೇ ವಾದ ಅಲ್ವಾ?

ಆ ಶೇ 85ರ ನಿಯಮ ಕೊನೆಗೆ ಜಾರಿಯಾದದ್ದು ಒಂದು ವರ್ಷ ತಡವಾಗಿ, 2016ರ ಏಪ್ರಿಲ್ 1ಕ್ಕೆ. ಕಂಪನಿಗಳು ಕೆಲವು ದಿನ ಸಿಗರೇಟು ತಯಾರಿಕೆಯನ್ನೇ ನಿಲ್ಲಿಸಿದವು. ದೇಶದ ಬೇರೆ ಬೇರೆ ಕೋರ್ಟುಗಳಲ್ಲಿದ್ದ ಕೇಸುಗಳನ್ನು ಸುಪ್ರೀಂ ಕೋರ್ಟು ಒಟ್ಟಿಗೆ ನಮ್ಮ ಕರ್ನಾಟಕ ಹೈಕೋರ್ಟಿಗೆ ಕಳಿಸಿತು. 2017ರ ಡಿಸೆಂಬರಿನಲ್ಲಿ ಹೈಕೋರ್ಟು ಆ ನಿಯಮ ರದ್ದು ಮಾಡಿತು. ತಿಂಗಳು ತುಂಬುವ ಮೊದಲೇ, 2018ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಹಾಗಾಗಿ ಚಿತ್ರ ಉಳಿಯಿತು. ಈ ಜಗಳದ ಉದ್ದಕ್ಕೂ ಕಂಪನಿಗಳ ಮುಂದೆ ನಿಲ್ಲಿಸಲು ಒಂದು ಮುಖ ಸಿದ್ಧ ಇತ್ತು. ಅದು ತಂಬಾಕು ಬೆಳೆಗಾರನದು. ನಮ್ಮ ಹುಣಸೂರು, ಪಿರಿಯಾಪಟ್ಟಣ ಕಡೆಯ ರೈತ. ಪೊಟ್ಟಣದ ಮೇಲೆ ಚಿತ್ರ ದೊಡ್ಡದಾದರೆ ಅವನ ಹೊಟ್ಟೆ ಸಣ್ಣದಾಗುತ್ತದೆ ಅನ್ನೋ ವಾದ. ಹರಾಜು ಕಟ್ಟೆಯಲ್ಲಿ ಅವನ ತಂಬಾಕಿಗೆ ಬೆಲೆ ಬೀಳುವ ದಿನ ಅದೇ ಕಂಪನಿಗಳು ಅವನ ಪರವಾಗಿ ದೆಹಲಿಗೆ ಹೋಗುವುದಿಲ್ಲ.

ಇನ್ನೊಂದು ಉದಾಹರಣೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಎಲ್ಲರಿಗೂ ನೆನಪಿದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ನಮ್ಮ ರಾಜ್ಯ ಸಂಪುಟ 15ರಂದು ಒಪ್ಪಿತು. ಐಟಿ ಕಂಪನಿಗಳ ಸಂಘ ನಾಸ್ಕಾಮ್ ವಿರೋಧಿಸಿತು, ಬೆಂಗಳೂರಿನ ಉದ್ಯಮಿಗಳು ಟ್ವೀಟ್ ಮೇಲೆ ಟ್ವೀಟ್ ಮಾಡಿದರು. 17ರಂದು ಮಸೂದೆಗೆ ತಡೆ ಬಿತ್ತು. ಮಸೂದೆ ಸರಿಯೋ ತಪ್ಪೋ, ಅದು ಬೇರೆ ಮಾತು. ನನ್ನ ಕಣ್ಣು ಹೋದದ್ದು ವೇಗದ ಮೇಲೆ. ಎರಡು ದಿನ! ಹೊಲದ ಪಹಣಿಯಲ್ಲಿ ತಪ್ಪಾದ ಒಂದು ಹೆಸರು ಸರಿ ಮಾಡಿಸಲು ನಾವು ತಾಲ್ಲೂಕು ಕಚೇರಿಗೆ ಎಷ್ಟು ತಿಂಗಳು ಅಲೆಯುತ್ತೇವೆ ಹೇಳಿ.

ಸಭೆಗೆ ಬಾರದವರು

ನಮ್ಮಲ್ಲಿ ಮರದಿಂದ ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲು ಶುರುವಾದರೆ ರಾತ್ರಿ ಹತ್ತರವರೆಗೂ ಅಂಗಳದಲ್ಲಿ ಸುಲಿಯುವ ಕೆಲಸ. ಈಗ ಯಂತ್ರ ಬಂದಿದೆ, ಆದರೂ ಮೆಟ್ಟುಗತ್ತಿ ಪೂರ್ತಿ ಮೂಲೆ ಸೇರಿಲ್ಲ. ಹಾಗೆ ಸುಲಿಯಲು ಬರುತ್ತಿದ್ದ ಹೆಂಗಸೊಬ್ಬರು ನನಗೆ ಚಿಕ್ಕಂದಿನಿಂದ ಗೊತ್ತು. ಅವರ ಕೈ ನೋಡುವುದೇ ಒಂದು ಚೆಂದ. ಕಾಯಿ ಕತ್ತಿಗೆ ತಾಗಿದ್ದು ಕಾಣುತ್ತಿರಲಿಲ್ಲ, ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಬಾಯಲ್ಲಿ ಸದಾ ಒಂದು ಹೋಳು. ಸುಲಿಯುವವರಿಗೆ ಅಡಿಕೆಗೇನು ಬರ, ಕೈ ಹಾಕಿದರೆ ಸಿಗುತ್ತದೆ. ನಿದ್ದೆ ಬರಬಾರದು ಅಂತ ಜಗಿಯುವುದು. ಆಮೇಲೆ ಅದಕ್ಕೆ ತಂಬಾಕಿನ ಎಸಳೂ ಸೇರಿತು.

ಒಂದು ವರ್ಷ ಹೋದಾಗ ಅವರು ಎಲ್ಲರ ಜೊತೆ ಊಟಕ್ಕೆ ಕೂರಲಿಲ್ಲ. ಒಳಗೆ ಕೂತು ಗಂಜಿ ಕುಡಿಯುತ್ತಿದ್ದರು. ಅಮ್ಮ ಕೇಳಿದ್ದಕ್ಕೆ ಬಾಯಿ ತೆರೆದು ತೋರಿಸಿದರು. ತೆರೆಯಿತು ಅನ್ನುವ ಹಾಗಿಲ್ಲ. ಎರಡು ಬೆರಳೂ ಹಿಡಿಯದಷ್ಟು ಸಂದಿ. ಕೆನ್ನೆಯ ಒಳಭಾಗ ಬೆಳ್ಳಗೆ, ಗಟ್ಟಿಯಾಗಿ, ನಾರು ಎಳೆದು ಕಟ್ಟಿದ ಹಾಗಿತ್ತು. ಶಿವಮೊಗ್ಗದ ದಂತ ವೈದ್ಯರು ಹೇಳಿದ್ದು ಇಷ್ಟು: ಇದು ಅಡಿಕೆ ಜಗಿಯುವವರಿಗೆ ಬರುವ ಕಾಯಿಲೆ, ಬಿಗಿದದ್ದು ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ, ಕೆಲವರಿಗೆ ಮುಂದೆ ಕ್ಯಾನ್ಸರ್ ಆಗಬಹುದು, ಜಗಿಯುವುದನ್ನು ಇವತ್ತೇ ಬಿಡಿ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ. ಅವರು ಒಮ್ಮೆ ಹೋದರು. ಬಸ್ಸಿಗೆ ದುಡ್ಡು, ಒಂದು ದಿನದ ಕೂಲಿ ಖೋತಾ. ಎರಡನೇ ಸಲ ಹೋಗಲಿಲ್ಲ.

ಇವರಂಥವರಿಗೆ ಸಂಘ ಇಲ್ಲ. ಇವರ ಹೆಸರಿನಲ್ಲಿ ಲೆಟರ್‌ಹೆಡ್ ಇಲ್ಲ. ಕಾನೂನಿನ ಕರಡನ್ನು 30 ದಿನ ಜನರ ಮುಂದಿಡಬೇಕು, ಅಭಿಪ್ರಾಯ ಕೇಳಬೇಕು ಅಂತ ಕೇಂದ್ರ 2014ರಲ್ಲೇ ಒಂದು ನೀತಿ ಮಾಡಿದೆ. ಕಾಗದದ ಮೇಲೆ ಒಳ್ಳೆಯದೇ. ಆದರೆ ಇಂಗ್ಲಿಷಿನ ಅರವತ್ತು ಪುಟದ ಪಿಡಿಎಫ್ ತೆರೆದು, ಕಲಮು ಹಿಡಿದು ಉತ್ತರ ಬರೆಯುವವರು ಯಾರು? ಸಂಬಳ ಕೊಟ್ಟು ಅದಕ್ಕೇ ಜನರನ್ನು ಇಟ್ಟುಕೊಂಡವರು. ಮಿಕ್ಕವರಿಗೆ ಅಂಥ ಕರಡು ಬಂದು ಹೋದದ್ದೂ ತಿಳಿಯುವುದಿಲ್ಲ. ಅಡಿಕೆ ರೇಟು ಹತ್ತು ರೂಪಾಯಿ ಇಳಿದರೆ ನನಗೆ ಈ ತಿಂಗಳೇ ಗೊತ್ತಾಗುತ್ತದೆ, ಸಭೆಗೆ ಹೋಗುತ್ತೇನೆ. ಜಗಿಯುವವನಿಗೆ ಅದರ ಕೆಡುಕು ಗೊತ್ತಾಗುವುದು ಹದಿನೈದು ಇಪ್ಪತ್ತು ವರ್ಷ ಆದ ಮೇಲೆ. ಅಷ್ಟು ಹೊತ್ತಿಗೆ ಅವನು ಸಭೆ ಕರೆಯುವ ಸ್ಥಿತಿಯಲ್ಲಿ ಇರುವುದಿಲ್ಲ.

ಸರ್ಕಾರದೊಳಗೂ ಹೀಗೆಯೇ. ಕೃಷಿಯವರಿಗೆ ಬೆಳೆಗಾರ ಕಾಣುತ್ತಾನೆ, ಹಣಕಾಸಿನವರಿಗೆ ತೆರಿಗೆ ಕಾಣುತ್ತದೆ, ಆರೋಗ್ಯದವರಿಗೆ ರೋಗಿ ಕಾಣುತ್ತಾನೆ. ಮೊದಲ ಎರಡರ ಹಿಂದೆ ಗುಂಪುಗಳಿವೆ. ಮೂರನೆಯದರ ಹಿಂದೆ ಒಂದಷ್ಟು ವೈದ್ಯರು, ಕೆಲವು ಸ್ವಯಂಸೇವಾ ಸಂಸ್ಥೆಗಳು, ಆಗೀಗ ಒಬ್ಬ ನ್ಯಾಯಾಧೀಶರು. ಗುಟ್ಕಾದ ವಿಷಯದಲ್ಲಿ ಬಂದ ಬದಲಾವಣೆಗಳಲ್ಲಿ ಹಲವು ಕೋರ್ಟಿನ ಮೂಲಕವೇ ಬಂದದ್ದು ನೋಡಿ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಗುಟ್ಕಾ ಮಾರುವ ಹಾಗಿಲ್ಲ ಅಂತ 2010ರ ಡಿಸೆಂಬರಿನಲ್ಲಿ ಹೇಳಿದ್ದು ಸುಪ್ರೀಂ ಕೋರ್ಟು. ವೋಟು ಕೇಳಬೇಕಾದವರು ಹೇಳಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಮತ್ತೊಂದು ಮನವಿಯ ಕರಡು ದೊಡ್ಡಪ್ಪನ ಮೇಜಿನ ಮೇಲಿತ್ತು. ಬೇಡಿಕೆಗಳು ಹನ್ನೊಂದಕ್ಕೆ ಏರಿದ್ದವು. ನಾನು ಕೇಳಿದೆ, 'ದೊಡ್ಡಪ್ಪ, ಇದಕ್ಕೆ ಇನ್ನೊಂದು ಸೇರಿಸಬಹುದಾ? ಸುಲಿಯುವವರಿಗೆ, ಕೊನೆಗಾರರಿಗೆ ವರ್ಷಕ್ಕೊಮ್ಮೆ ಇಲ್ಲೇ ಆಸ್ಪತ್ರೆಯಲ್ಲಿ ಬಾಯಿ ಪರೀಕ್ಷೆ ಮಾಡಿಸಬೇಕು ಅಂತ. ಖರ್ಚೂ ಜಾಸ್ತಿ ಇಲ್ಲ.' ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಸಿಟ್ಟು ಬಂದಿರಲಿಲ್ಲ. ನಿಜಕ್ಕೂ ಯೋಚನೆ ಮಾಡಿದರು.

'ಅಲ್ಲ ತಮ್ಮ, ನಾಲ್ಕನೇದ್ರಲ್ಲಿ ಹಾನಿ ಇಲ್ಲ ಅಂತೀವಿ. ಹನ್ನೆರಡನೇದ್ರಲ್ಲಿ ಬಾಯಿ ಪರೀಕ್ಷೆ ಮಾಡಿಸಿ ಅಂದ್ರೆ ಮಂತ್ರಿ ಎಂತ ತಿಳ್ಕೊಳ್ತಾರೆ?'

'ಹಾಗಾದ್ರೆ ನಾಲ್ಕನೇದು ತೆಗೀರಿ' ಅಂದೆ.

ಅವರು ಜೋರಾಗಿ ನಕ್ಕು, ಕವಳದ ತಟ್ಟೆ ನನ್ನ ಕಡೆ ದೂಡಿದರು. ಆಮೇಲೆ, ಅದು ಆರೋಗ್ಯ ಇಲಾಖೆಗೆ ಸೇರಿದ್ದು, ಬೇರೆಯೇ ಒಂದು ಪತ್ರ ಬರೆದುಕೊಡು, ಸಂಘದ ಲೆಟರ್‌ಹೆಡ್ ಸಿಗುತ್ತದೋ ಇಲ್ಲವೋ ಅಧ್ಯಕ್ಷರನ್ನು ಕೇಳಿ ಹೇಳುತ್ತೇನೆ ಅಂದರು. ಪತ್ರ ಬರೆದು ಕಳಿಸಿದ್ದೇನೆ. ಅಧ್ಯಕ್ಷರು ಮುಂದಿನ ಸಭೆಯಲ್ಲಿ ಇಡುತ್ತಾರಂತೆ.